ಬಿಗಿದುಕೊಂಡ ಸೈಕಲ್ ಫೋರ್ಕ್ ಬಿಡಿಸುವುದು ಹೇಗೆ: ಎಲ್ಲಿ ಹಿಡಿದಿದೆ ನೋಡಿ, ಆಮೇಲೆ ಸುತ್ತಿಗೆ ಎತ್ತಿ

ಬೇರಿಂಗಿಗೆ ಗ್ರೀಸ್ ಹಾಕೋಣ ಅಂತ ಬೋಲ್ಟುಗಳನ್ನೆಲ್ಲ ಬಿಚ್ಚಿರುತ್ತೀರಿ. ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಅಂದರೆ ಫೋರ್ಕ್, ಮಾತ್ರ ಕೆಳಗಿಳಿಯುವುದಿಲ್ಲ. ಎಳೆದರೂ ಇಲ್ಲ, ಗುದ್ದಿದರೂ ಇಲ್ಲ. ಈ ಕೆಲಸದಲ್ಲಿ ಸೋತವರು ಹೇಳುವುದು ಹೆಚ್ಚುಕಡಿಮೆ ಒಂದೇ ಕಥೆ. ಸುತ್ತಿಗೆ ಮೊದಲು ಬಂತು, ಎಲ್ಲಿ ಹಿಡಿದಿದೆ ಅನ್ನುವ ಪ್ರಶ್ನೆ ಆಮೇಲೆ ಬಂತು.

ಫೋರ್ಕ್ ಹಿಡಿದುಕೊಳ್ಳುವ ಜಾಗಗಳು ಕೆಲವೇ. ಒಂದೊಂದು ಜಾಗಕ್ಕೂ ಬಲ ಹಾಕುವ ದಿಕ್ಕು ಬೇರೆ. ಒಂದು ಕಡೆ ಕೆಲಸ ಮಾಡುವ ಏಟು ಇನ್ನೊಂದು ಕಡೆ ಅದನ್ನೇ ಇನ್ನಷ್ಟು ಬಿಗಿ ಮಾಡುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಿಮ್ಮ ಬಗೆಯ ಸೈಕಲ್‌ಗೆ ಹೇಳಿದ ಯಾವ ಹಂತವನ್ನೂ ಹಾರಿಸಬೇಡಿ.

## ಹಂತ 1: ನಿಮ್ಮ ಸೈಕಲ್ ಯಾವ ಬಗೆಯದು?

ಹ್ಯಾಂಡಲನ್ನು ಹಿಡಿದುಕೊಂಡಿರುವ ಕುತ್ತಿಗೆಯಂಥ ಭಾಗಕ್ಕೆ ಸ್ಟೆಮ್ ಅನ್ನುತ್ತಾರೆ. ಫೋರ್ಕಿನ ತಲೆಯಿಂದ ಫ್ರೇಮಿನೊಳಗೆ ಹೋಗುವ ಪೈಪು ಸ್ಟೀರರ್. ಆ ಪೈಪು ಹಾದುಹೋಗುವ ಫ್ರೇಮಿನ ಮುಂಭಾಗ ಹೆಡ್ ಟ್ಯೂಬ್. ಈ ಮೂರು ಹೆಸರು ನೆನಪಿದ್ದರೆ ಸಾಕು.

ಹಳೇ ಬಗೆಯಲ್ಲಿ ಸ್ಟೆಮ್ ಸಪೂರವಾಗಿ ಸ್ಟೀರರ್ ಒಳಗೆ ಇಳಿದಿರುತ್ತದೆ. ಮೇಲೆ ಒಂದೇ ಬೋಲ್ಟ್. ಸ್ಟೆಮ್ ಒಳಹೋಗುವ ಕಡೆ ದೊಡ್ಡದೊಂದು ಲಾಕ್‌ನಟ್. ನಮ್ಮ ಕಪ್ಪು ಸೈಕಲ್‌ಗಳು, ಮಕ್ಕಳ ಸೈಕಲ್‌ಗಳಲ್ಲಿ ಹೆಚ್ಚಿನವು, ಹಳೇ ರೋಡ್ ಬೈಕ್‌ಗಳು ಈ ಬಗೆಯವು.

ಹೊಸ ಬಗೆಯಲ್ಲಿ ಸ್ಟೆಮ್ ಹೊರಗಿನಿಂದ ಸ್ಟೀರರನ್ನು ಅಪ್ಪಿಕೊಂಡಿರುತ್ತದೆ. ಹಿಂಭಾಗದಲ್ಲಿ ಎರಡು ಅಡ್ಡ ಬೋಲ್ಟುಗಳು, ನೆತ್ತಿಯ ಮೇಲೊಂದು ಮುಚ್ಚಳ. ಗೇರ್ ಸೈಕಲ್‌ಗಳಲ್ಲಿ ಈಗ ಇದೇ ಜಾಸ್ತಿ.

ಇನ್ನೊಂದು ಪರೀಕ್ಷೆ ತಪ್ಪದೆ ಮಾಡಿ: ಸಣ್ಣದೊಂದು ಅಯಸ್ಕಾಂತವನ್ನು ಸ್ಟೆಮ್, ಫೋರ್ಕ್, ಫ್ರೇಮ್ ಮೂರಕ್ಕೂ ಮುಟ್ಟಿಸಿ. ಅಂಟಿದರೆ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಕಾರ್ಬನ್. ಮುಂದೆ ಬಿಡಿಸುವುದು ಎಷ್ಟು ಕಷ್ಟ, ಏಟು ಹಾಕಬಹುದೇ ಬೇಡವೇ ಅನ್ನುವುದು ಇದರ ಮೇಲೆ ನಿಂತಿದೆ.

## ಹಂತ 2: ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಾನು

ಹೊಸ ಬಗೆಗೆ 4, 5 ಮತ್ತು 6 ಎಂಎಂ ಅಲೆನ್ ಕೀಗಳು ಸಾಮಾನ್ಯವಾಗಿ ಸಾಕು. ಹಳೇ ಬಗೆಗೆ ಸ್ಟೆಮ್ ಬೋಲ್ಟಿಗೆ ಹೊಂದುವ ಸ್ಪ್ಯಾನರ್ ಅಥವಾ 6 ಎಂಎಂ ಅಲೆನ್ ಕೀ, ಲಾಕ್‌ನಟ್ಟಿಗೆ ದೊಡ್ಡ ಸ್ಪ್ಯಾನರ್ ಬೇಕು. ಲಾಕ್‌ನಟ್ 32 ಎಂಎಂ ಇರುವುದು ಸಾಮಾನ್ಯ, ಆದರೂ ಅಳೆದು ನೋಡಿ. ಅಗಲ ಹೊಂದಿಸುವ ಸ್ಪ್ಯಾನರ್ ಆದರೂ ನಡೆಯುತ್ತದೆ.

ಇವಲ್ಲದೆ ರಬ್ಬರ್ ಸುತ್ತಿಗೆ, ಅರ್ಧ ಕೆಜಿ ತೂಕದ ಕಬ್ಬಿಣದ ಸುತ್ತಿಗೆ, ಅಂಗೈ ಅಗಲದ ಗಟ್ಟಿ ಮರದ ತುಂಡು, ತೆಳ್ಳನೆಯ ಚಪ್ಪಟೆ ಸ್ಕ್ರೂಡ್ರೈವರ್, ಹಳೇ ಬಟ್ಟೆ, ಹಗ್ಗ ಇಟ್ಟುಕೊಳ್ಳಿ.

ಎಣ್ಣೆಯ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ತೆಂಗಿನೆಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಜಾರಿಸಲು ಸರಿ, ತುಕ್ಕಿನ ಸಂದಿಗೆ ನುಗ್ಗಲು ಸಾಲದು. ತುಕ್ಕು ಬಿಡಿಸುವುದಕ್ಕೆಂದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಪ್ರೇ ಸಿಗುತ್ತದೆ, ಅದನ್ನೇ ತನ್ನಿ. ಡಬ್ಲ್ಯೂಡಿ-40 ಡಬ್ಬಿ ಮನೆಯಲ್ಲಿದ್ದರೆ ಅದರಿಂದ ಶುರು ಮಾಡಿ. ಅದು ಮೂಲತಃ ನೀರು ಹೊರದೂಡುವ ಎಣ್ಣೆ, ಹಗುರ ತುಕ್ಕಿಗೆ ಆಗುತ್ತದೆ. ವರ್ಷಗಟ್ಟಲೆ ಕೂತ ತುಕ್ಕಿಗೆ ಬೇರೆಯದು ಬೇಕಾಗಬಹುದು.

## ಹಂತ 3: ಫೋರ್ಕಿಗೆ ಕಟ್ಟಿಕೊಂಡಿರುವುದನ್ನೆಲ್ಲ ಬಿಡಿಸಿ

ಬ್ರೇಕ್ ಕೇಬಲ್, ಮಡ್‌ಗಾರ್ಡ್ ಕಡ್ಡಿ, ಬುಟ್ಟಿ, ಲೈಟ್ ಹಿಡಿಯುವ ಪಟ್ಟಿ ಎಲ್ಲ ಬಿಚ್ಚಿ. ಕಪ್ಪು ಸೈಕಲ್ ಆದರೆ ಹ್ಯಾಂಡಲಿನಿಂದ ಕೆಳಗಿಳಿಯುವ ಬ್ರೇಕಿನ ಸರಳು ಬಿಡಿಸಲೇಬೇಕು. ಅದು ಸಿಕ್ಕಿಕೊಂಡಿದ್ದರೆ ಹ್ಯಾಂಡಲ್ ತಿರುಗದು. ನೀವು ಸ್ಟೆಮ್ ಹಿಡಿದಿದೆ ಅಂದುಕೊಂಡು ಗುದ್ದುತ್ತಿರುತ್ತೀರಿ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆದರೆ ಕ್ಯಾಲಿಪರನ್ನು (ಬ್ರೇಕ್ ಪ್ಯಾಡುಗಳಿರುವ ಭಾಗ) ಫೋರ್ಕಿನಿಂದ ಬಿಚ್ಚಿ ಹಗ್ಗದಲ್ಲಿ ಫ್ರೇಮಿಗೆ ಕಟ್ಟಿ. ಬ್ರೇಕ್ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡು ಸೇರಿಸಿ. ಚಕ್ರ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಕೂಡಿಕೊಂಡು ಬಿಡುತ್ತವೆ.

ಮುಂದಿನ ಚಕ್ರವನ್ನು ಹೊಸ ಬಗೆಯಲ್ಲಿ ಈಗಲೇ ತೆಗೆಯಿರಿ. ಹಳೇ ಬಗೆಯಲ್ಲಿ ಬಿಡಿ, ಮುಂದೆ ಅದರಿಂದ ಕೆಲಸವಿದೆ.

ಬಿಚ್ಚುತ್ತಾ ಹೋದಂತೆ ಫೋಟೋ ತೆಗೆದುಕೊಳ್ಳಿ. ವಾಷರ್ ಯಾವುದರ ಮೇಲೆ ಯಾವುದು, ಯಾವ ಬದಿ ಮೇಲೆ ಅನ್ನುವುದು ಜೋಡಿಸುವಾಗ ಬೇಕಾಗುತ್ತದೆ.

## ಹಂತ 4: ಹೊಸ ಬಗೆ. ಹಿಡಿದಿರುವುದು ಸೀಳು ಉಂಗುರ

ಮೇಲಿನ ಮುಚ್ಚಳದ ಬೋಲ್ಟ್ ಬಿಚ್ಚಿ. ಒಂದು ಕೈಯಲ್ಲಿ ಫೋರ್ಕ್ ಹಿಡಿದುಕೊಂಡು ಸ್ಟೆಮ್ಮಿನ ಎರಡು ಅಡ್ಡ ಬೋಲ್ಟುಗಳನ್ನು ಸಡಿಲಿಸಿ. ಸ್ಟೆಮ್ ಮೇಲೆತ್ತಿ, ಹ್ಯಾಂಡಲ್ ಸಮೇತ ಪಕ್ಕಕ್ಕೆ ಕಟ್ಟಿ. ಸ್ಪೇಸರ್ ಬಳೆಗಳನ್ನೂ ತೆಗೆಯಿರಿ. ಫೋರ್ಕ್ ಇಷ್ಟಕ್ಕೆ ಜಾರಿ ಬೀಳಬೇಕು. ಬೀಳಲಿಲ್ಲ ಅಂದರೆ ಬಹುತೇಕ ಒಂದೇ ಕಾರಣ.

ಮೇಲಿನ ಬೇರಿಂಗಿಗೂ ಸ್ಟೀರರಿಗೂ ನಡುವೆ ಒಂದು ಕಡೆ ಸೀಳಿರುವ ಉಂಗುರ ಇರುತ್ತದೆ. ಅದರ ಹೊರಮೈ ಕೆಳಕ್ಕೆ ಸಪೂರ. ಮೇಲಿನ ಮುಚ್ಚಳ ಬಿಗಿದಾಗ ಅದು ಬೆಣೆಯಾಗಿ ಇಳಿದು ಸ್ಟೀರರನ್ನು ಕಚ್ಚಿ ಹಿಡಿಯುತ್ತದೆ. ಮಳೆನೀರು, ಬೆವರು ಇಳಿದರೆ ಅಲ್ಲೇ ಅಂಟಿಕೊಳ್ಳುತ್ತದೆ. ಮನೆಯೊಳಗೆ ಟ್ರೇನರ್ ಸ್ಟ್ಯಾಂಡಿನ ಮೇಲೆ ಸೈಕಲ್ ಇಟ್ಟು ತುಳಿಯುವವರ ಬೆವರು ನೇರವಾಗಿ ಇಲ್ಲಿಗೇ ತೊಟ್ಟಿಕ್ಕುತ್ತದೆ. ಮಳೆ ಕಾಣದ ಸೈಕಲ್‌ನಲ್ಲೂ ಈ ಉಂಗುರ ಹಿಡಿದಿರುವುದು ಅದಕ್ಕೇ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಏನಂದರೆ, ಮೇಲಿನಿಂದ ಜೋರಾಗಿ ಬಡಿಯುತ್ತಲೇ ಇರುವುದು. ಸ್ಟೀರರ್ ಜೊತೆಗೆ ಉಂಗುರವೂ ಕೆಳಗಿಳಿದು ಇನ್ನಷ್ಟು ಬಿಗಿಯಾಗುತ್ತದೆ. ಬದಲಿಗೆ ಹೀಗೆ ಮಾಡಿ:

1. ಉಂಗುರದ ಸುತ್ತ ಸ್ವಲ್ಪ ಎಣ್ಣೆ ಬಿಡಿ. ಹದಿನೈದು ನಿಮಿಷ ಕಾಯಿರಿ.

2. ಸ್ಟೀರರಿನ ತುದಿಯ ಮೇಲೆ ಮರದ ತುಂಡಿಟ್ಟು ರಬ್ಬರ್ ಸುತ್ತಿಗೆಯಿಂದ ಒಂದೆರಡು ಏಟು ಕೊಡಿ. ಫೋರ್ಕ್ ಒಂದೆರಡು ಮಿಲಿಮೀಟರ್ ಇಳಿದರೂ ಸಾಕು. ಕೆಲವೊಮ್ಮೆ ಇಷ್ಟಕ್ಕೇ ಬಿಟ್ಟುಕೊಳ್ಳುತ್ತದೆ, ಆದ್ದರಿಂದ ಕೆಳಗೆ ಯಾರಾದರೂ ಫೋರ್ಕ್ ಹಿಡಿದಿರಲಿ.

3. ಬಿಡಲಿಲ್ಲವಾದರೆ ಈಗ ಫೋರ್ಕನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ. ಸ್ಟೀರರಿಗೆ ಅಂಟಿರುವ ಉಂಗುರವೂ ಅದರ ಮೇಲಿನ ಧೂಳು ಮುಚ್ಚಳವೂ ಮೇಲೇಳುತ್ತವೆ. ಬೇರಿಂಗಿನ ಮೇಲೆ ಸಣ್ಣ ಸಂದಿ ಕಾಣುತ್ತದೆ.

4. ಧೂಳು ಮುಚ್ಚಳ ಬೇರೆಯಾಗಿದ್ದರೆ ಮೇಲಕ್ಕೆ ಸರಿಸಿ. ಉಂಗುರದ ಸೀಳಿಗೆ ತೆಳ್ಳನೆಯ ಸ್ಕ್ರೂಡ್ರೈವರ್ ತೂರಿಸಿ ಮೆಲ್ಲಗೆ ತಿರುಚಿ. ಉಂಗುರ ಅಗಲವಾಗಿ ಹಿಡಿತ ಬಿಡುತ್ತದೆ.

ಸೀಳು ಎಲ್ಲಿದೆ ಅಂತ ಕಾಣದಿದ್ದರೆ ಫೋರ್ಕ್ ತಿರುಗಿಸುತ್ತಾ ಸುತ್ತಲೂ ನೋಡಿ. ಸೀಳು ಬಿಟ್ಟು ಬೇರೆ ಕಡೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಸ್ಟೀರರ್ ಮೇಲೆ ಗೀರು ಬೀಳುತ್ತದೆ.

ಕಬ್ಬಿಣದ ಸುತ್ತಿಗೆಯಿಂದ ಸ್ಟೀರರಿಗೆ ನೇರವಾಗಿ ಹೊಡೆಯಲೇಬೇಡಿ. ಅಲ್ಯೂಮಿನಿಯಂ ತುದಿ ಅರಳಿಕೊಳ್ಳುತ್ತದೆ. ಆಮೇಲೆ ಉಂಗುರ ಹೊರಗೆ ಬರದು, ಸ್ಟೆಮ್ ಒಳಗೆ ಹೋಗದು. ಸ್ಟೀರರ್ ಕಾರ್ಬನ್ ಆಗಿದ್ದರೆ ಸುತ್ತಿಗೆ ಬೇಡವೇ ಬೇಡ. ಅಂಗೈಯಿಂದ ಒತ್ತುವುದು, ಮೇಲೆ ಕೆಳಗೆ ಆಡಿಸುವುದು, ಉಂಗುರ ಬಿಡಿಸುವುದು ಇಷ್ಟೇ. ಅದಕ್ಕೂ ಬಗ್ಗದಿದ್ದರೆ ಕಾರ್ಬನ್ ಕೆಲಸ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋಗಿ.

ಉಂಗುರ ಬಂದರೂ ಫೋರ್ಕ್ ಹಿಡಿದಿದ್ದರೆ ಕೆಳಗಿನ ಬೇರಿಂಗ್ ತುಕ್ಕು ಹಿಡಿದಿದೆ ಅಂತ ಅರ್ಥ. ಸೈಕಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಫೋರ್ಕಿನ ತಲೆ ಫ್ರೇಮಿಗೆ ಸೇರುವ ಸಂದಿಗೆ ಎಣ್ಣೆ ಬಿಡಿ. ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ನೇರ ನಿಲ್ಲಿಸಿ, ಫೋರ್ಕನ್ನು ಎಡಬಲಕ್ಕೆ ತಿರುಗಿಸುತ್ತಾ ಮರದ ತುಂಡಿನ ಮೇಲೆ ಏಟು ಕೊಡಿ.

## ಹಂತ 5: ಹಳೇ ಬಗೆ. ಮೊದಲು ಬೆಣೆ ಇಳಿಯಬೇಕು

ಜಾಸ್ತಿ ಜನ ಸೋಲುವ ಜಾಗ ಇದೇ. ಸ್ಟೆಮ್ಮಿನ ಮೇಲಿನ ಬೋಲ್ಟ್ ಉದ್ದಕ್ಕೆ ಒಳಗೆ ಹೋಗಿ ತಳದಲ್ಲಿರುವ ಬೆಣೆಗೆ ಕಚ್ಚಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಬೆಣೆ ಮೇಲಕ್ಕೆ ಬಂದು ಸ್ಟೀರರಿನ ಒಳಗೋಡೆಗೆ ಒತ್ತುತ್ತದೆ. ಬೋಲ್ಟ್ ಸಡಿಲಿಸಿದ ಮಾತ್ರಕ್ಕೆ ಬೆಣೆ ಇಳಿಯುವುದಿಲ್ಲ. ಅದನ್ನು ಕೆಳಕ್ಕೆ ಹೊಡೆದು ಇಳಿಸಬೇಕು.

1. ಬೋಲ್ಟನ್ನು ನಾಲ್ಕೈದು ಸುತ್ತು ಮಾತ್ರ ಸಡಿಲಿಸಿ. ತಲೆ ಅರ್ಧ ಸೆಂಟಿಮೀಟರಿನಷ್ಟು ಮೇಲೇಳಬೇಕು. ಪೂರ್ತಿ ಬಿಚ್ಚಿದರೆ ಬೆಣೆಯನ್ನು ಹೊಡೆಯಲು ಏನೂ ಉಳಿಯುವುದಿಲ್ಲ.

2. ಬೋಲ್ಟಿನ ತಲೆಯ ಮೇಲೆ ಮರದ ತುಂಡಿಟ್ಟು ಕಬ್ಬಿಣದ ಸುತ್ತಿಗೆಯಿಂದ ಒಂದು ಚುರುಕಾದ ಏಟು ಕೊಡಿ. ಮೆಲ್ಲಗೆ ಹತ್ತು ಸಲ ಕುಟ್ಟುವುದಕ್ಕಿಂತ ಸರಿಯಾದ ಒಂದು ಏಟು ಮೇಲು.

3. ಬೋಲ್ಟಿನ ತಲೆ ಕೆಳಗೆ ಕೂತು, ಕೈಯಲ್ಲಿ ಅಲುಗಾಡಿಸಿದರೆ ಲೊಡಲೊಡ ಅಂದರೆ ಬೆಣೆ ಇಳಿದಿದೆ.

ಏಟು ಬಿದ್ದರೂ ತಲೆ ಇಳಿಯದಿದ್ದರೆ ಬೆಣೆ ತುಕ್ಕಿನಲ್ಲಿದೆ. ಸೈಕಲ್ ತಲೆಕೆಳಗು ಮಾಡಿ. ಫೋರ್ಕಿನ ತಲೆಯ ಅಡಿಯಲ್ಲಿ, ಚಕ್ರದ ಮೇಲ್ಗಡೆ, ಸ್ಟೀರರಿನ ಬಾಯಿ ಸಾಮಾನ್ಯವಾಗಿ ತೆರೆದಿರುತ್ತದೆ. ಅಲ್ಲಿಂದ ಎಣ್ಣೆ ಬಿಟ್ಟರೆ ನೇರ ಬೆಣೆಗೆ ತಲುಪುತ್ತದೆ. ಆದರೆ ಅಲ್ಲಿಂದ ರಾಡ್ ತೂರಿಸಿ ಮೇಲಕ್ಕೆ ಹೊಡೆಯಬೇಡಿ. ಬೆಣೆ ಬಿಗಿಯಾಗುವ ದಿಕ್ಕು ಅದೇ.

ಬೋಲ್ಟ್ ಎಷ್ಟು ತಿರುಗಿಸಿದರೂ ಸುಮ್ನೆ ಸುತ್ತುತ್ತಾ ಇದೆ, ಮೇಲೇಳುತ್ತಿಲ್ಲ ಅಂದರೆ ಒಳಗೆ ಬೋಲ್ಟ್ ತುಂಡಾಗಿದೆ ಅಥವಾ ಮರೆ (ಥ್ರೆಡ್) ಸವೆದಿದೆ. ಬೋಲ್ಟ್ ಹೊರತೆಗೆದು ನೋಡಿ. ತುಂಡಾಗಿದ್ದರೆ ಅದೇ ದಪ್ಪದ ಉದ್ದನೆಯ ಕಬ್ಬಿಣದ ಸರಳನ್ನು ಮೇಲಿನ ತೂತಿನಿಂದ ಇಳಿಸಿ, ಉಳಿದ ತುಂಡಿನ ಮೇಲೆ ಹೊಡೆದು ಬೆಣೆ ಕೆಡವಿ.

## ಹಂತ 6: ಬೆಣೆ ಇಳಿದರೂ ಸ್ಟೆಮ್ ಬಾರದಿದ್ದರೆ

ಈಗ ಹಿಡಿದಿರುವುದು ಸ್ಟೆಮ್ ಮತ್ತು ಸ್ಟೀರರ್ ಮೈಗೆ ಮೈ. ಅಯಸ್ಕಾಂತದ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಎರಡೂ ಉಕ್ಕು ಆಗಿದ್ದರೆ ಅದು ಕೆಂಪು ತುಕ್ಕು. ಎಣ್ಣೆಗೆ ನಿಧಾನವಾಗಿ ಬಿಡುತ್ತದೆ. ಸ್ಟೆಮ್ ಅಲ್ಯೂಮಿನಿಯಂ, ಸ್ಟೀರರ್ ಉಕ್ಕು ಆಗಿದ್ದರೆ ಕಷ್ಟ ಜಾಸ್ತಿ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬೇಗ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿ ಲೋಹಕ್ಕಿಂತ ಜಾಸ್ತಿ ಜಾಗ ಹಿಡಿಯುವುದರಿಂದ ಸಂದಿಯೇ ಇಲ್ಲದಂತೆ ಬಿಗಿಯುತ್ತದೆ. ಕಾರವಾರ, ಉಡುಪಿ, ಮಂಗಳೂರಿನ ಕಡಲ ಗಾಳಿಗೆ ನಿಲ್ಲಿಸಿದ ಸೈಕಲ್‌ಗಳಲ್ಲಿ ಇದನ್ನು ಮೊದಲೇ ಅನುಮಾನಿಸಿ.

ಎಣ್ಣೆ ಒಳಗೆ ಇಳಿಯಲು ದಾರಿ ಮಾಡಿಕೊಡಬೇಕು. ಲಾಕ್‌ನಟ್ಟನ್ನು ಬಿಚ್ಚಿ, ಆ ನಟ್ಟನ್ನು ಸ್ಟೆಮ್ಮಿನ ಉದ್ದಕ್ಕೆ ಮೇಲೆ ಸರಿಸಿ. ಅದರ ಕೆಳಗೆ ಬೇರಿಂಗ್ ಗುಂಡುಗಳನ್ನು ಮುಚ್ಚಿರುವ ಬಟ್ಟಲಿನಂಥ ಕಪ್ಪನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದೂ ತಿರುಗಿ ಗುಂಡುಗಳು ಚೆಲ್ಲುತ್ತವೆ. ಕೆಳಗೆ ಬಟ್ಟೆ ಹಾಸಿರಿ. ನಟ್ ಸರಿದ ಮೇಲೆ ಸ್ಟೆಮ್ ಸ್ಟೀರರಿನೊಳಗೆ ಹೋಗುವ ಸಂದಿ ಬರಿಗಣ್ಣಿಗೆ ಕಾಣುತ್ತದೆ. ಎಣ್ಣೆ ಬಿಡಬೇಕಾದ್ದು ಇಲ್ಲಿಗೆ. ನಟ್ಟಿನ ಮೇಲೆ ಎಣ್ಣೆ ಸುರಿದು ಕಾಯುವುದರಿಂದ ಪ್ರಯೋಜನವಿಲ್ಲ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಣ್ಣೆ ಬಿಡಿ. ಪ್ರತಿ ಸಲ ಸ್ಟೆಮ್ ಸುತ್ತಲೂ ರಬ್ಬರ್ ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ನಡುಗಿದಾಗ ಎಣ್ಣೆ ಇಳಿಯುತ್ತದೆ. ಎರಡು ಮೂರು ದಿನ ಹೀಗೆ ಮಾಡುವ ತಾಳ್ಮೆ ಇದ್ದರೆ ಮುಂದಿನ ಹಂತ ಅರ್ಧ ಸುಲಭ.

ಬಿಸಿ ಮಾಡುವ ಯೋಚನೆ ಬಂದರೆ ತಡೆಯಿರಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಳಗಿರುವ ಸ್ಟೆಮ್ ಕಾದರೆ ಬಿಗಿ ಇನ್ನೂ ಹೆಚ್ಚುತ್ತದೆ. ಮೇಲಾಗಿ ಎಣ್ಣೆ ಹೀರಿದ ಜಾಗಕ್ಕೆ ಬೆಂಕಿ ಹಿಡಿಯುವುದು ಅಪಾಯ. ಅಲ್ಯೂಮಿನಿಯಂ ಸ್ಟೆಮ್ಮಿಗೆ ಬೇಕಾದ್ದು ತಂಪು. ಐಸ್ ತುಂಡು, ಉಪ್ಪು ಹಾಕಿದ ಪ್ಲಾಸ್ಟಿಕ್ ಚೀಲವನ್ನು ಸ್ಟೆಮ್ಮಿಗೆ ಅರ್ಧ ಗಂಟೆ ಸುತ್ತಿಟ್ಟು, ತೆಗೆದ ತಕ್ಷಣ ತಿರುಚಿ ನೋಡಿ. ಉಪ್ಪುನೀರು ಸೋರದಂತೆ ಚೀಲದ ಬಾಯಿ ಭದ್ರವಾಗಿ ಕಟ್ಟಿ.

## ಹಂತ 7: ತಿರುಚುವುದು

ಮೇಲಕ್ಕೆ ಎಳೆಯುವುದರಿಂದ ಬಿಡುವುದು ಅಪರೂಪ. ಮೊದಲು ತಿರುಗಬೇಕು, ಆಮೇಲೆ ಮೇಲೆ ಬರುತ್ತದೆ.

ಸೈಕಲಿನ ಮುಂದೆ ನಿಂತು ಚಕ್ರವನ್ನು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿಯಿರಿ. ಹ್ಯಾಂಡಲಿನ ಎರಡೂ ತುದಿ ಹಿಡಿದು ಎಡಕ್ಕೆ, ಬಲಕ್ಕೆ ತಿರುಚಿ. ಜರ್ಕ್ ಕೊಡಬೇಡಿ, ಒತ್ತಡವನ್ನು ಏರಿಸುತ್ತಾ ಹೋಗಿ. ಕಿರ್ ಅನ್ನುವ ಸದ್ದು ಬಂದರೆ ಖುಷಿಪಡಿ, ತುಕ್ಕು ಬಿಡುತ್ತಿದೆ. ಕೂದಲೆಳೆಯಷ್ಟು ಅಲುಗಿದ ತಕ್ಷಣ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ. ಆಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಸ್ವಲ್ಪ ಸ್ವಲ್ಪವೇ ಮೇಲೆತ್ತಿ. ಸ್ಟೆಮ್ ಹೊರಬಂದ ಮೇಲೆ ಲಾಕ್‌ನಟ್, ಕಪ್ಪು ಎರಡನ್ನೂ ಬಿಚ್ಚಿದರೆ ಫೋರ್ಕ್ ಕೆಳಗಿನಿಂದ ಹೊರಬರುತ್ತದೆ.

ಚಕ್ರದ ಹಿಡಿತ ಸಾಲದಿದ್ದರೆ ಚಕ್ರ ತೆಗೆಯಿರಿ. ಇನ್ನೂ ಬಲ ಹಾಕಿದರೆ ರಿಮ್ ಸೊಟ್ಟಗಾಗುತ್ತದೆ. ಗ್ಯಾರೇಜಿನಲ್ಲೋ ವೆಲ್ಡಿಂಗ್ ಅಂಗಡಿಯಲ್ಲೋ ದೊಡ್ಡ ವೈಸ್ ಇರುತ್ತದೆ. ಫೋರ್ಕಿನ ತಲೆಯ ಎರಡೂ ಬದಿ ಮರದ ಹಲಗೆ ಇಟ್ಟು ವೈಸಿನಲ್ಲಿ ಕಚ್ಚಿಸಿ ಹ್ಯಾಂಡಲ್ ತಿರುಚಿ. ಫೋರ್ಕಿನ ಕಾಲುಗಳ ತುದಿಗೆ ಸರಳು ಹಾಕಿ ಎಬ್ಬಬೇಡಿ. ಕಾಲು ಬಾಗಿದ ಫೋರ್ಕ್ ಆಮೇಲೆ ನೇರ ಓಡುವುದಿಲ್ಲ.

## ಹಂತ 8: ಕೊನೆಯ ದಾರಿ, ಸ್ಟೆಮ್ ಕೊಯ್ಯುವುದು

ಸ್ಟೆಮ್ ಹೋದರೂ ಪರವಾಗಿಲ್ಲ, ಫ್ರೇಮ್ ಮತ್ತು ಫೋರ್ಕ್ ಉಳಿಯಬೇಕು ಅನ್ನುವ ನಿರ್ಧಾರ ಇದು. ಹೊಸ ಸ್ಟೆಮ್ ಸಿಗುತ್ತದೆ. ಹಳೇ ಫ್ರೇಮಿಗೆ ಹೊಂದುವ ಫೋರ್ಕ್ ಹುಡುಕುವುದು ಕಷ್ಟ.

ಲಾಕ್‌ನಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಮೇಲೆ, ಸ್ಟೆಮ್ ನೇರ ಕೊಳವೆಯಾಗಿರುವ ಕಡೆ ಹ್ಯಾಕ್ಸಾದಲ್ಲಿ ಕೊಯ್ಯಿರಿ. ಒಳಗಿನ ಬೋಲ್ಟನ್ನು ಮೊದಲೇ ತೆಗೆದುಬಿಡಿ. ಹ್ಯಾಂಡಲ್ ಬೇರೆಯಾದ ಮೇಲೆ ಲಾಕ್‌ನಟ್, ಕಪ್ಪು ಎರಡೂ ಮೇಲಿನಿಂದ ಬಂದುಬಿಡುತ್ತವೆ. ಫೋರ್ಕ್ ಕೆಳಗಿನಿಂದ ಹೊರಬರುತ್ತದೆ. ಅಂದರೆ ಫ್ರೇಮ್ ಈಗ ಪೂರ್ತಿ ಸುರಕ್ಷಿತ.

ಉಳಿದ ತುಂಡನ್ನು ವೈಸಿನಲ್ಲಿ ಕಚ್ಚಿಸಿ, ಫೋರ್ಕಿನ ಕಾಲುಗಳ ನಡುವೆ ತಲೆಯ ಹತ್ತಿರವೇ ಮರದ ರೀಪು ತೂರಿಸಿ ತಿರುಗಿಸಿ. ಬಾರದಿದ್ದರೆ ಲೇತ್ ಅಂಗಡಿಗೆ ಒಯ್ದು ಒಳಗಿನಿಂದ ಕೊರೆಸಿ. ನೀವೇ ಮಾಡುವುದಾದರೆ ಹ್ಯಾಕ್ಸಾ ಬ್ಲೇಡನ್ನು ತುಂಡಿನೊಳಗೆ ತೂರಿಸಿ ಉದ್ದಕ್ಕೆ ಗೀರು ಹಾಕಬಹುದು, ಕೊಳವೆ ಒಳಕ್ಕೆ ಕುಸಿದು ಬರುತ್ತದೆ. ಸ್ಟೀರರ್ ಗೋಡೆಗೆ ಬ್ಲೇಡ್ ತಾಗಿದರೆ ಫೋರ್ಕ್ ಕೆಟ್ಟಿತು ಅಂತಲೇ ಲೆಕ್ಕ, ಹಾಗಾಗಿ ನಾನು ಲೇತ್ ಅಂಗಡಿಯನ್ನೇ ಹೇಳುತ್ತೇನೆ.

ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಕರಗಿಸುತ್ತದೆ, ಉಕ್ಕನ್ನು ಬಿಡುತ್ತದೆ ಅನ್ನುವುದು ನಿಜ. ಆದರೆ ಅದು ಬಿಸಿಯೇರಿ ಹೈಡ್ರೋಜನ್ ಅನಿಲ ಬಿಡುತ್ತದೆ, ಕಣ್ಣು ಚರ್ಮ ಸುಡುತ್ತದೆ, ಪೇಂಟನ್ನೂ ತಿನ್ನುತ್ತದೆ. ಮನೆಯಲ್ಲಿ ಇದು ಬೇಡ.

## ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿಸಿ

ಹೆಡ್ ಟ್ಯೂಬ್ ಹತ್ತಿರ ಪೇಂಟ್ ಚಕ್ಕೆ ಏಳುತ್ತಿದೆ, ಅಥವಾ ಟಕ್ ಅಂತ ಒಣ ಸದ್ದು ಬಂತು. ಬಿರುಕು ಬಿಟ್ಟಿರಬಹುದು. ಬೆಳಕು ಹಾಕಿ ನೋಡದೆ ಮುಂದುವರಿಯಬೇಡಿ.

ಅಲೆನ್ ಕೀ ಬೋಲ್ಟಿನೊಳಗೆ ಜಾರುತ್ತಿದೆ. ಇನ್ನೊಂದು ಸಲ ಜಾರಿದರೆ ಮೂಲೆಗಳು ಸವೆದುಹೋಗುತ್ತವೆ. ತೂತಿನಲ್ಲಿರುವ ಮಣ್ಣು ಕೆರೆದು ತೆಗೆದು, ಸವೆಯದ ಹೊಸ ಕೀ ತಳಮುಟ್ಟ ಇಳಿಸಿ ಪ್ರಯತ್ನಿಸಿ.

ಫೋರ್ಕ್ ತಿರುಗಿಸುವಾಗ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಸೈಕಲ್ ಹಿಂದೆ ಎಲ್ಲಾದರೂ ಗುದ್ದಿದ್ದರೆ ಸ್ಟೀರರೇ ಬಾಗಿರಬಹುದು. ಎಣ್ಣೆ, ಏಟು ಎರಡರಿಂದಲೂ ಇದು ಸರಿಹೋಗದು. ಬಾಗಿದ ಸ್ಟೀರರನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿಕೊಳ್ಳಬೇಡಿ, ಫೋರ್ಕ್ ಬದಲಾಯಿಸಿ.

## ಹಂತ 9: ಹೊರಬಂದ ಮೇಲೆ

ಸ್ಟೀರರನ್ನು ಸೀಮೆಎಣ್ಣೆಯಲ್ಲಿ ಒರೆಸಿ ಬೆರಳಾಡಿಸಿ. ಹಳೇ ಬಗೆಯಲ್ಲಿ ಬೆಣೆ ಕೂತಿದ್ದ ಕಡೆ ಉಬ್ಬು ಇದೆಯೇ ನೋಡಿ. ಬೋಲ್ಟನ್ನು ಮಿತಿಮೀರಿ ಬಿಗಿದರೆ ಸ್ಟೀರರ್ ಅಲ್ಲಿ ಉಬ್ಬುತ್ತದೆ. ಮರೆ ಇರುವ ಭಾಗದಲ್ಲಿ ಗೋಡೆ ತೆಳು, ಬೆಣೆ ಅಲ್ಲೇ ಕೂತಿದ್ದರೆ ಬಿರುಕೂ ಬಿಡಬಹುದು. ಉಬ್ಬು, ಬಿರುಕು ಯಾವುದಿದ್ದರೂ ಆ ಫೋರ್ಕ್ ಬೇಡ.

ಸಣ್ಣ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ. ಬಿಡಿ ಗುಂಡುಗಳಿದ್ದರೆ ಎಲ್ಲವನ್ನೂ ಹೊಸದಾಗಿ ಹಾಕಿ, ಬೆಲೆ ಕಡಿಮೆಯೇ. ಬೇರಿಂಗ್ ಕೂರುವ ಜಾಗಕ್ಕೆ, ಸ್ಟೆಮ್ ಒಳಹೋಗುವ ಭಾಗಕ್ಕೆ, ಬೆಣೆಗೆ, ಬೋಲ್ಟಿನ ಮರೆಗೆ ಗ್ರೀಸ್ ಧಾರಾಳವಾಗಿ ಹಚ್ಚಿ. ಹೊಸ ಬಗೆಯ ಸೀಳು ಉಂಗುರಕ್ಕೆ ತೆಳು ಪದರ ಸಾಕು. ಸ್ಟೆಮ್ ಅಪ್ಪಿಕೊಳ್ಳುವ ಭಾಗಕ್ಕೆ ಮಾತ್ರ ಗ್ರೀಸ್ ಬೇಡ. ಕಾರ್ಬನ್ ಸ್ಟೀರರಿಗೆ ಗ್ರೀಸ್ ಹಚ್ಚಲೇಬೇಡಿ.

ಜೋಡಿಸುವಾಗ ಹೊಸ ಬಗೆಯಲ್ಲಿ ಮೊದಲು ಮೇಲಿನ ಮುಚ್ಚಳವನ್ನು ಆಟ (ಸಡಿಲದ ಅಲುಗಾಟ) ಹೋಗುವಷ್ಟು ಮಾತ್ರ ಬಿಗಿಯಿರಿ, ಆಮೇಲೆ ಅಡ್ಡ ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ. ಎಷ್ಟು ಬಿಗಿಯಬೇಕು ಅಂತ ಸ್ಟೆಮ್ ಮೇಲೇ ಸಾಮಾನ್ಯವಾಗಿ ಬರೆದಿರುತ್ತದೆ. ಹಳೇ ಬಗೆಯಲ್ಲಿ ಸ್ಟೆಮ್ಮಿನ ಮೇಲಿರುವ ಗೆರೆ ಕಾಣದಷ್ಟು ಒಳಗೆ ಇಳಿಸಿ.

ಮುಂದಿನ ಬ್ರೇಕ್ ಒತ್ತಿ ಸೈಕಲನ್ನು ಹಿಂದೆ ಮುಂದೆ ದೂಡಿ. ಹೆಡ್ ಟ್ಯೂಬ್ ಹತ್ತಿರ ಕಟಕಟ ಅಂದರೆ ಇನ್ನೂ ಆಟ ಉಳಿದಿದೆ. ಮುಂದಿನ ಚಕ್ರ ಎತ್ತಿ ಹಿಡಿದಾಗ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ವಾಲದಿದ್ದರೆ ಬಿಗಿ ಜಾಸ್ತಿಯಾಗಿದೆ. ಕೊನೆಗೆ ಚಕ್ರವನ್ನು ಮೊಣಕಾಲಲ್ಲಿ ಹಿಡಿದು ಹ್ಯಾಂಡಲನ್ನು ಸಾಧಾರಣ ಬಲದಲ್ಲಿ ತಿರುಚಿ ನೋಡಿ. ಜಾರಿದರೆ ರಸ್ತೆಗೆ ಇಳಿಸುವ ಮುಂಚೆ ಸ್ಟೆಮ್ ಬೋಲ್ಟ್ ಇನ್ನಷ್ಟು ಬಿಗಿಯಿರಿ. ಕರಾವಳಿಯವರು, ಮಲೆನಾಡಿನವರು ಪ್ರತಿ ವರ್ಷ ಜೂನ್‌ಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಸ್ಟೆಮ್ ಮತ್ತು ಫೋರ್ಕ್ ಹೊರತೆಗೆದು ಗ್ರೀಸ್ ಬದಲಾಯಿಸಿ.